ಬೀಸುವ ಕಲ್ಲಿನ ಇಂಗ್ಲಿಷ್

ಸಾವಿರದ ಒಂಬೈನೂರ ನಲವತ್ತೊಂದರ ಬೇಸಿಗೆ. ಹಿರೇಕೆರೂರಿನಲ್ಲಿ ಮೋಟಾರು ನಿಲ್ಲುವ ಬೇವಿನ ಕಟ್ಟೆಯ ಮೇಲೆ ಪರಮೇಶಪ್ಪ ಕುಳಿತಿದ್ದ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ತಾಯಿ, ಮಗಳು ಬಂದು ಕುಳಿತರು. ಮಗಳು ಇಂಗ್ಲಿಷ್ ಶಾಲೆಯ ಬಾಯಿಪರೀಕ್ಷೆ ಮುಗಿಸಿ ಬಂದವಳೆಂಬುದು ಅವರ ಮಾತಿನಿಂದಲೇ ಅವನಿಗೆ ತಿಳಿಯಿತು.

“ಪರೀಕ್ಷಾ ಏನಾತು, ಬಾಯಿ ಬಿಟ್ಟು ಹೇಳ ದಾನವ್ವ.”

“ಪಾಸ್ ಅವ್ವಾ.”

“ಖರೇನ? ನಪಾಸಾದ್ರ ಈ ಬ್ಯಾಸಿಗ್ಯಾಗ ಅತ್ತಿ ಮಗನ ಕೂಡ ಲಗ್ನ ಅಂತ ನಿಮ್ಮಪ್ಪನ್ನ ಹಡದ ಆಯಿ ಹತ್ತಿಮತ್ತೂರಿಗೆ ಹೇಳಿ ಕಳಿಸ್ಯಾಳ.”

“ಖರೇನ. ಆದ್ರ ಸಾಹೇಬ್ರು ‘ಗೋ’ದ ರೂಪ ಕೇಳಿದಾಗ ನಾಲಿಗಿನ ಏಳಲಿಲ್ಲ.”

“ಅಯ್ಯ ಶಿವನ! ದಿನಾ ಜ್ವಾಳ ಬೀಸುವಾಗ ‘ಗೋ ವೆಂಟ್ ಗಾನ್, ಸೀ ಸಾ ಸೀನ್’ ಅಂತ ಹಾಡಿ ನನ್ನ ತಲಿ ತಿಂದಿದ್ದಿ ಅಲ್ಲ?”

“ಅದಕ್ಕ ಮೇಜಿನ ಮ್ಯಾಲೆ ಕೈಯಿಟ್ಟು, ಬೀಸಿದಂಗ ತಿರುವಿದೆ. ಎಲ್ಲಾ ಸರಾಗ ಬಂತು.”

“ಸಾಹೇಬ್ರ ಮುಂದ! ಏನಂದ್ರು?”

“ನಕ್ಕು, ‘ಸಾಕವಾ, ಹಿಟ್ಟು ಸಣ್ಣಗ ಬಿದ್ದೈತಿ, ಪಾಸು’ ಅಂದ್ರು.”

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಪರಮೇಶಪ್ಪ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಹಾನಗಲ್ಲಿನ ಮೋಟಾರು ಬಂತು; ಇಬ್ಬರೂ ಎದ್ದರು.

“ಆಯಿ ಸಿಟ್ಟಾದ್ರ?”

“ಆಗ್ಲಿ. ಪಾಸಾದ್ರ ಓದ್ಲಿ ಅಂದಾಕೀನೂ ಆಕೀನ.”

“ಅತ್ತಿ ಮಗ?”

“ಅವಗ ಬ್ಯಾರೆ ಕನ್ಯಾ ಸಿಗ್ತಾಳ. ನನ್ನ ಲಗ್ನ ಮಾಡುವಾಗ ನನಗಂತೂ ಯಾರೂ ಒಂದು ಪ್ರಶ್ನಿ ಕೇಳಲಿಲ್ಲ. ಹತ್ತು, ನೀ ಕಿಡಕಿ ಕಡೆ ಕೂಡು.”