ನೀಲಮಣಿಯ ಗಡಿಯಾರ

ಚಳ್ಳಕೆರೆಯಲ್ಲಿ ಮದ್ದು ಕೊಡುವ ಪಂಡಿತರ ಜಗಲಿಯಲ್ಲಿ ನನ್ನ ಪಕ್ಕ ಗಾದ್ರಪ್ಪ, ಮುದ್ದಕ್ಕ ಎಂಬ ಗಂಡ ಹೆಂಡತಿ ಕೂತಿದ್ದರು. ಅವಳ ಮಡಿಲಲ್ಲಿ ಜ್ವರದ ಕೂಸು.

“ಧಣಿ ಹರಳಿನ ಗಡಿಯಾರ ಎಷ್ಟಾದ್ರೂ ಕೂಡಿಡ್ಲಿ. ಈ ನೀಲಮಣೀದು ನಮ್ಮನೇಲಿ ಯಾಕಿರಬೇಕು?”

“ನೀಲ ಎಲ್ಲರಿಗೂ ಆಗಿಬರಲ್ಲ ಕಣೇ. ಮೂರು ದಿನ ನಮ್ಮನೇಲಿಟ್ಟು ನೋಡಿ, ಕೇಡಾಗದಿದ್ರೆ ಕೊಂಡ್ಕೊತಾರೆ.”

“ಎಲ್ಡೇ ದಿನಕ್ಕೆ ಕೂಸು ಸುಡ್ತೈತೆ. ಇನ್ನೇನು ನೋಡ್ಬೇಕಂತೆ?”

“ಧಣಿಗೆ ಹೇಳ್ದೆ. ಹಲ್ಲು ಬರೋ ಜ್ವರ ಇರ್ಬೋದು, ನಾಳೆಗಂಟ ಇರ್ಲಿ ಅಂದ್ರು.”

“ಅವರ ಮೊಮ್ಮಗನಿಗೂ ಹಲ್ಲು ಬರ್ತಾವೆ.”

“ಅದಕ್ಕೇನೀಗ?”

“ಕಳುವಾದೀತಂತ ಸೊಂಟಕ್ಕೆ ಕಟ್ಕೊಂಡು ಬಂದಿದ್ದೀಯಲ್ಲ, ಕೊಡು ಇಲ್ಲಿ. ಆ ತೊಟ್ಟಿಲಾಗೆ ಇಟ್ಟು ಬರ್ತೀನಿ, ಅಲ್ಲೇ ನೋಡ್ಲಿ.”

ಕೂಸನ್ನು ಗಂಡನ ಹೆಗಲಿಗೆ ಹಾಕಿ, ಅವನ ಸೊಂಟದ ಗಂಟಿನಿಂದ ಗಡಿಯಾರ ಕಿತ್ತುಕೊಂಡು ಅವಳು ಧಣಿಯ ಬೀದಿಗೆ ತಿರುಗಿದಳು. ಅಷ್ಟರಲ್ಲಿ ಪಂಡಿತರು ಕರೆದರು. ಗಾದ್ರಪ್ಪ ಅವಳನ್ನು ಕೂಗದೆ ಒಳಗೆ ಹೋದ.