214ನೇ ಕೋಣೆಯ ರಿಷಭ್ ಕುರಿತು

ನನ್ನ ಹೆಸರು ಶ್ರೀಲತಾ, ವಯಸ್ಸು 28 ವರ್ಷ, ಸ್ವಂತ ಊರು ಹಾಸನ. ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಐದನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿನಿ. ವಾಸ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನ್‌ನಲ್ಲಿ, ಬಾಡಿಗೆ ಬೇಸ್‌ಮೆಂಟ್. ಈ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ಎರಡು ಸಲವೂ ನನ್ನದೇನೂ ತಪ್ಪಿಲ್ಲವೆಂಬಂತೆ ಬಂತು. ಆದ್ದರಿಂದ ಪೊಲೀಸ್ ಅಧಿಕಾರಿಯವರ ಒಪ್ಪಿಗೆ ಪಡೆದು ಕನ್ನಡದಲ್ಲಿ ಕೊಡುತ್ತಿದ್ದೇನೆ. ಪೊಲೀಸರಲ್ಲಿ ಅರಿಕೆ ಮಾಡುವುದೇನೆಂದರೆ:

ರಿಷಭ್, ವಯಸ್ಸು 25, ನನ್ನ ವಿಭಾಗದಲ್ಲೇ ಓದುತ್ತಿದ್ದವನು. ಹುಟ್ಟಿದ್ದು ಇದೇ ದೇಶದಲ್ಲಿ. ಅವನ ತಂದೆತಾಯಿ ಶಿಕಾಗೋ ಹತ್ತಿರದ ಓಕ್ ಬ್ರೂಕ್‌ನಲ್ಲಿದ್ದಾರೆ. ವಿಭಾಗದಲ್ಲಿ ನಾವಿಬ್ಬರೂ ಕೂರುತ್ತಿದ್ದ 214ನೇ ಕೋಣೆಯಲ್ಲಿ ಮೂರು ಮೇಜುಗಳಿವೆ. ಮೂರನೆಯವರು ಕಳೆದ ವರ್ಷ ಪದವಿ ಪಡೆದು ಹೋದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ನಾನು ರಿಷಭ್ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ. ಅದನ್ನು ಬಿಟ್ಟರೆ ಇಡೀ ದಿನ ಬೇರೆ ಮಾತೇ ಇಲ್ಲದ ದಿನಗಳಿದ್ದವು.

2025ರ ಮೇ 12ರಂದು ರಿಷಭ್ ಅರ್ಹತಾ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದ. ಮೂರನೇ ಅವಕಾಶವಿಲ್ಲ, ಪಿಎಚ್‌ಡಿ ಬಿಡಬೇಕು. ಜೂನ್ 1ರಿಂದ ಅವನ ಕಾರ್ಡಿಗೆ ಕಟ್ಟಡದ ಬಾಗಿಲು ತೆರೆಯುವುದು ನಿಂತಿತು. ಜೂನ್ 2, ಸೋಮವಾರ ಬೆಳಿಗ್ಗೆ 8.40ಕ್ಕೆ ಅವನು ಕಟ್ಟಡದ ಪಕ್ಕದ ಬಾಗಿಲ ಹೊರಗೆ ಬ್ಯಾಗ್ ಹಾಕಿಕೊಂಡು ನಿಂತಿದ್ದ. ಮನೆಯಲ್ಲಿ ಇನ್ನೂ ಹೇಳಿಲ್ಲ, ಎರಡು ವಾರ ಕೂರಲು ಬಿಡು ಎಂದು ಕೇಳಿದ. ನನ್ನ ಕಾರ್ಡಿನಿಂದ ಬಾಗಿಲು ತೆರೆದೆ.

ಎರಡು ವಾರ ಮುಗಿದ ಮೇಲೆ ಅವನೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನವೆಂಬರ್ 17ರವರೆಗೆ, ಶನಿವಾರ ಭಾನುವಾರ ಬಿಟ್ಟು, ಪ್ರತಿದಿನ ಅದೇ ಸಮಯಕ್ಕೆ ಬಾಗಿಲು ತೆರೆದಿದ್ದೇನೆ. ಅವನು ತನ್ನ ಮೇಜಿನಲ್ಲಿ ಕೂತು, ಮುಗಿದುಹೋದ ಪರೀಕ್ಷೆಯ ಲೆಕ್ಕಗಳನ್ನೇ ಮಾಡುತ್ತಿದ್ದ. ಸರಿಯಾಗಿಯೇ ಮಾಡುತ್ತಿದ್ದ. ಇದು ನಿಯಮಕ್ಕೆ ವಿರುದ್ಧವೆಂದೂ ನನ್ನ ವೀಸಾಕ್ಕೆ ತೊಂದರೆಯಾಗಬಹುದೆಂದೂ ನನಗೆ ಗೊತ್ತಿತ್ತು.

ನವೆಂಬರ್ 17, ಸೋಮವಾರ ಸಂಜೆ 5.50ಕ್ಕೆ ಹೊರಡುವಾಗ, ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದ. ಒಳ್ಳೆಯದು ಎಂದೆ. ಯಾವಾಗ ಎಂದು ಕೇಳಲಿಲ್ಲ.

ಮಂಗಳವಾರ ಅವನು ಬರಲಿಲ್ಲ. ನಾನು ಬಾಗಿಲ ಬಳಿ 8.40ರಿಂದ 9.05ರವರೆಗೆ ಕಾದೆ. 11.20ಕ್ಕೆ ಅವನ ತಾಯಿ ಛಾಯಾ ಆಂಟಿ ನನಗೆ ಫೋನ್ ಮಾಡಿದರು. ನಾನು ಅವರನ್ನು ನೋಡಿಲ್ಲ. ತುರ್ತಿಗೆ ಬೇಕಾದೀತೆಂದು ಮಗ ನನ್ನ ನಂಬರ್ ಕೊಟ್ಟಿದ್ದನಂತೆ.

“ನೋಡಮ್ಮ, ನಿನ್ನೆಯಿಂದ ಫೋನ್ ತೆಗೀತಿಲ್ಲ ಅವನು. ಲ್ಯಾಬಲ್ಲಿದಾನಾ?” ಎಂದು ಕೇಳಿದರು.

“ಇದಾನೆ ಆಂಟಿ. ಎಕ್ಸ್‌ಪೆರಿಮೆಂಟ್ ನಡೀತಿದೆ, ಫೋನ್ ಒಳಗೆ ತರೋ ಹಾಗಿಲ್ಲ,” ಎಂದೆ.

ಇದು ಸುಳ್ಳು. ಅವನ ಗುಟ್ಟು ನಾನು ಬಿಟ್ಟುಕೊಡಬಾರದೆಂದು ಹಾಗೆ ಹೇಳಿದೆ. ಆಂಟಿ, ಸದ್ಯ ಎಂದು ಉಸಿರು ಬಿಟ್ಟು ಫೋನ್ ಇಟ್ಟರು.

ಸಂಜೆ 4.15ಕ್ಕೆ, 1.3 ಮೈಲಿ ದೂರದ ಅವನ ಅಪಾರ್ಟ್‌ಮೆಂಟಿಗೆ ನಡೆದು ಹೋದೆ. ಅವನ ಬೂದು ಬಣ್ಣದ ಕಾರು ಇರಲಿಲ್ಲ. ಆರು ಸಲ ಫೋನ್ ಮಾಡಿದೆ, ಸ್ವಿಚ್ ಆಫ್ ಆಗಿತ್ತು. ಆಗಲಾದರೂ ಯಾರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಮತ್ತೆ ಬಾಗಿಲ ಬಳಿ ನಿಂತೆ. ಉಷ್ಣಾಂಶ 27 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನೀರು ಹೆಪ್ಪುಗಟ್ಟುವಷ್ಟು ಚಳಿ ಇತ್ತು. ಮಧ್ಯಾಹ್ನ 12.40ಕ್ಕೆ ನಾನೇ ಆಂಟಿಗೆ ಫೋನ್ ಮಾಡಿ, ಪರೀಕ್ಷೆಯಿಂದ ಹಿಡಿದು ನಾನು ಹೇಳಿದ ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಆ ಸುಳ್ಳು ಹೇಳಿ 25 ಗಂಟೆ 20 ನಿಮಿಷ ಕಳೆದಿತ್ತು. ಅವರು, “ಭಾನುವಾರ ಕೂಡ ಸ್ಟೂಡೆಂಟ್ಸ್ ಪೇಪರ್ ಗ್ರೇಡ್ ಮಾಡ್ತಿದೀನಿ ಅಂದ್ನಲ್ಲೇ,” ಎಂದರು. ಕೂಡಲೇ ಅವರು ಪೊಲೀಸರಿಗೆ ತಿಳಿಸಿದರು.

ಅದೇ ದಿನ 4.25ಕ್ಕೆ, ಶಿಕಾಗೋ ಕಡೆಗೆ ಹೋಗುವ ಐ-94 ಹೆದ್ದಾರಿಯ ಪಕ್ಕ, ಮಿಶಿಗನ್ ಸರೋವರದ ದಡದ ಒಂದು ಪಾರ್ಕಿಂಗ್ ಲಾಟಿನಲ್ಲಿ ಅವನ ಕಾರು ಸಿಕ್ಕಿತು. ಅವನು ಒಳಗಿದ್ದ. ಪೆಟ್ರೋಲ್ ಮುಗಿದು ಹೀಟರ್ ನಿಂತಿತ್ತು. ಓಕ್ ಬ್ರೂಕ್‌ಗೆ ಇನ್ನು ಸುಮಾರು 85 ಮೈಲಿ ಇತ್ತು. ಮನೆಗೆಂದೇ ಹೊರಟವನು ಅಲ್ಲಿಂದ ಮುಂದೆ ಹೋಗಲಾರದೆ ಎರಡು ರಾತ್ರಿ ಅಲ್ಲೇ ಇದ್ದನೆಂದು ಅಧಿಕಾರಿಯವರಿಂದ ತಿಳಿಯಿತು. ಜೀವಕ್ಕೆ ಅಪಾಯವಿಲ್ಲ. ಚಳಿಗೆ ಮರಗಟ್ಟಿದ ಎಡಗಾಲಿನ ಎರಡು ಬೆರಳು ಹೋಗಬಹುದೆಂದು ಡಾಕ್ಟರು ಹೇಳಿದ್ದಾರಂತೆ. ಒಂದು ದಿನ ಮೊದಲೇ ಹುಡುಕಿದ್ದರೆ ಉಳಿಯುತ್ತಿದ್ದವೇ ಎಂದು ನಾನು ಕೇಳಿದೆ. ಅಧಿಕಾರಿ ಆ ಪ್ರಶ್ನೆಯನ್ನೂ ಬರೆದುಕೊಂಡರು.

ರಾತ್ರಿ 8.10ಕ್ಕೆ ಛಾಯಾ ಆಂಟಿ ಆಸ್ಪತ್ರೆಯಿಂದ ಫೋನ್ ಮಾಡಿದರು. “ಸಿಕ್ಕಿದಾನೆ. ನಮ್ಮನ್ನ ನೋಡಿ ಅತ್ತ. ಮನೆಗೆ ಕರ್ಕೊಂಡು ಹೋಗ್ತೀವಿ,” ಎಂದರು. ನಾನು ಬಂದು ನೋಡಬಹುದೇ ಎಂದು ಕೇಳಿದೆ. “ಬೇಡಮ್ಮ. ಫೋನೂ ಮಾಡ್ಬೇಡ,” ಎಂದು ಮೆಲ್ಲಗೇ ಹೇಳಿದರು. ಆಗಲಿ ಎಂದೆ.

ಕನಿಕರದಿಂದ ಬಾಗಿಲು ತೆರೆದೆ ಎಂದು ದಾಖಲಿಸಬಹುದೇ ಎಂದು ಅಧಿಕಾರಿಯವರು ಕೇಳಿದರು. ಬೇಡ ಎಂದು ಹೇಳಿದ್ದೇನೆ. ಅವನು ಹೋದರೆ ಆ ಕೋಣೆಯಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ, ಅದಕ್ಕೆ ತೆರೆದೆ. ಹಾಗೆಯೇ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಇದನ್ನು ಯಾರ ಒತ್ತಾಯವೂ ಇಲ್ಲದೆ ಕೊಟ್ಟಿದ್ದೇನೆ. ಓದಿ ನೋಡಿದ್ದೇನೆ, ನಾನು ಬಲ್ಲಮಟ್ಟಿಗೆ ಎಲ್ಲವೂ ನಿಜ.

ಸ್ಥಳ: ಡಿಯರ್‌ಬಾರ್ನ್
ದಿನಾಂಕ: 20-11-2025, ಬೆಳಿಗ್ಗೆ 10.35
ಸಹಿ: ಶ್ರೀಲತಾ