ಕಂಡಕ್ಟರ್ ಚೆಲ್ಲಿದ ಚರಗ

ಎಲ್ಲರಿಗೂ ಶರಣು. ಸಾವಿತ್ರವ್ವನವರಿಗೆ, ಮಗಳು ಪಲ್ಲವಿಗೆ, ಡಿಪೊದ ಹಿರಿಯರಿಗೆ, ಕನ್ನೊಳ್ಳಿಯಿಂದ ಕೆಲಸ ಬಿಟ್ಟು ಬಂದ ಊರವರಿಗೆ — ಶರಣು. ನಾನು ಚನ್ನಬಸಯ್ಯ, ಪುಣೆ ಬಸ್ಸಿನ ಡ್ರೈವರ್. ನಮ್ಮನ್ನು ಅಗಲಿದ ಶ್ರೀ ಪರಮಾನಂದ ಅವರು ಅದೇ ಬಸ್ಸಿನ ಕಂಡಕ್ಟರ್ — ಬ್ಯಾಡ್ರಿ, 'ಅವರು' ಅಂದರೆ ಅವನಿಗೇ ನಗು ಬಂದೀತು. ಪರಮಾನಂದ ಅಂತೇನಿ.

ಅವನು ಸೀಟಿ ಊದಿದರೆ ನಾನು ಗಾಡಿ ಬಿಡುತ್ತಿದ್ದೆ. ಇಷ್ಟೇ ನಮ್ಮ ಸಂಬಂಧ, ಇಷ್ಟು ದೊಡ್ಡ ಸಂಬಂಧ. ಹೋದ ವಾರ ಎದೆ ಹಿಡಿದಂತಾಗಿದೆ ಅಂದ, ದವಾಖಾನೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟ. ಸೀಟಿ ಊದದೇ ಇಳಿದು ಹೋದದ್ದು ಅವನ ಸರ್ವೀಸಿನಲ್ಲಿ ಅದೊಂದೇ ಸಲ. ಮಾತಾಡಲು ನನ್ನನ್ನು ಯಾಕೆ ಕರೆದಿರೋ. ಬಸ್ಸಿನಲ್ಲಿ ಮಾತಿನ ಖಾತೆ ಅವನದು, ಬೈಗುಳದ ಖಾತೆ ನನ್ನದು.

ದೀಪಾವಳಿ ಮುಗಿಯಿತೆಂದರೆ ನಮ್ಮ ಬಸ್ಸನ್ನು ನೋಡಬೇಕು. ಸಿಂದಗಿಯಲ್ಲೇ ಅರ್ಧ ತುಂಬುತ್ತದೆ, ಇಂಡಿಗೆ ಬಂದರೆ ಕಾಲಿಡಲು ಜಾಗವಿಲ್ಲ. ನಾಲತವಾಡದ ಕಡೆಯವರು, ಬಾಗೇವಾಡಿ ಕಡೆಯವರು, ಗಂಟು, ಬುತ್ತಿ, ಕಂಕುಳಲ್ಲಿ ಕೂಸು. ಎಲ್ಲರೂ ಪುಣೆಗೆ, ಕಟ್ಟಡದ ಕೆಲಸಕ್ಕೆ. ಬೇರೆ ಕಂಡಕ್ಟರ್ 'ಎಲ್ಲಿಗೆ?' ಎಂದು ಕೇಳುತ್ತಾನೆ. ನಮ್ಮವನು ಟಿಕೆಟ್ ಕೊಡುವ ಮೊದಲು ಕೇಳುತ್ತಿದ್ದುದು — "ಹೊಲಾ ಮಾಡಾಕ ಯಾರಿಗಿ ಹಚ್ಚಿದಿ?"

"ಪಾಲಿಗಿ ಹಚ್ಚೇನ್ರಿ."

"ಯಾರಿಗೋ?"

"ನಮ್ಮ ಕಾಕಾಗ್ರಿ."

"ನಿಮ್ಮ ಕಾಕಾ ಹೋದ ವಾರ ಇದ ಬಸ್ಸಿನಾಗ ಪುಣೆಕ್ಕ ಹೋದನಲ್ಲೋ!"

ನಗ್ರಿ, ನಗ್ರಿ. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಆದರೆ ಅವನು ನಗುತ್ತಿರಲಿಲ್ಲ. ಸೋಲಾಪುರ ದಾಟಿ ಚಹಾಕ್ಕೆ ಇಳಿದಾಗ ನನ್ನ ಮುಂದೆ ಕೂತು ಹೇಳುತ್ತಿದ್ದ — "ಅಯ್ಯಾರ, ಜೋಳಾ ಕೀಳಾಕ ಆಳ ಸಿಗಂಗಿಲ್ಲಂತ ತೊಗರಿ ಹಾಕಿದ್ರು. ಜೋಳಾ ಹೋತು, ಅದರ ಜೋಡಿ ಕಣಿಕಿನೂ ಹೋತು. ಮೇವಿಲ್ಲಂತ ಎತ್ತ ಮಾರಿದ್ರು. ಎತ್ತಿಲ್ಲದ ಹೊಲದಾಗ ನಮ್ಮದೇನ ಕೆಲಸಂತ ಉಳದವರೂ ಬಸ್ ಹತ್ತಿದ್ರು. ನೀವರ ಗಾಡಿ ಸಾವಕಾಶ ಹೊಡೀರಿ, ಊರ ಖಾಲಿ ಆಗಾಕತ್ತೇತಿ."

"ಸೀಟಿ ಊದಾಂವ ನೀನು, ಊದಬ್ಯಾಡ ಹಂಗಾದ್ರ" ಅಂದೆ ನಾನು.

"ಹೊಟ್ಟಿಗಿ ದುಡಿಯಾಕ ಹೋಗೋರನ್ನ ಹೆಂಗ ತಡೀಲ್ರಿ?" ಅಂದ. ಹೋಗುವವರನ್ನು ಅವನು ಒಂದು ದಿನವೂ ಬೈದವನಲ್ಲ.

ಬೈಯುವ ಬದಲು ಏನು ಮಾಡಿದ, ಕೇಳಿ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ, ನೆಲದವ್ವನಿಗೆ ಬಯಕೆಯೂಟ. ಮುಂದಿನವರು 'ಹುಲ್ಲುಲ್ಲಿಗೋ' ಎಂದು ಕೂಗಿ ಆ ಊಟದ ಒಂದು ಹಿಡಿ ಚೆಲ್ಲಬೇಕು, ಹಿಂದಿನವರು 'ಚಲ್ಲಂಬರಿಗೋ' ಎನ್ನುತ್ತ ನೀರು ಚಿಮುಕಿಸಬೇಕು. ಡಿಪೊಕ್ಕೆ ಹೊಸದಾಗಿ ಬಂದವರಿಗಾಗಿ ಹೇಳಿದೆ, ನಿಮಗೆ ನಾನೇನು ಹೇಳಲಿ. ಪುಣೆಯಲ್ಲಿದ್ದವರು ಪರಮಾನಂದನಿಗೆ ಫೋನ್ ಮಾಡುತ್ತಿದ್ದರು — "ಅಣ್ಣಾರ, ನಮ್ಮ ಹೊಲಕ್ಕೂ ಒಂದ ಹಿಡಿ." ಅವನು ರಜೆ ಹಾಕಿ, ಸಾವಿತ್ರವ್ವನವರು ಮಾಡಿಕೊಟ್ಟ ಸಜ್ಜೆ ಕಡುಬು, ಪುಂಡಿಪಲ್ಯ ಬುಟ್ಟಿಯಲ್ಲಿಟ್ಟುಕೊಂಡು ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದ. ಅಲ್ಲಿಲ್ಲದವರ ಹೆಸರು ಹಿಡಿದು ಕೂಗುತ್ತಿದ್ದ. ಓಗೊಡಲು ಯಾರೂ ಇಲ್ಲ — ತಾನೇ ಕೂಗಿ, ತಾನೇ ಓಗೊಡುತ್ತಿದ್ದ!

ಒಂದು ವರ್ಷ ನಾನೂ ಜೊತೆಗೆ ಹೋಗಿದ್ದೆ. ಕನ್ನೊಳ್ಳಿಯ ಶಂಕರೆಪ್ಪನ ಹೊಲ. ಶಂಕರೆಪ್ಪ ಪುಣೆಯಲ್ಲಿ. ಪರಮಾನಂದ ವಿಡಿಯೋ ಕಾಲ್ ಹಚ್ಚಿ ಮೊಬೈಲನ್ನು ಹೀಗೆ ಎತ್ತಿ ಹಿಡಿದ.

"ನೋಡಪಾ, ನಿನ್ನ ಹೊಲ."

ಆ ಕಡೆಯಿಂದ ಶಂಕರೆಪ್ಪ ನಗುತ್ತಾನೆ — "ಅಣ್ಣಾರ, ತಪ್ಪ ಹೊಲಕ್ಕ ಹೋಗೀರಿ. ಅದು ಯಾರದೋ ಜಾಲಿಕಂಟಿ ಬೀಳ ಐತಿ. ನಮ್ಮ ಹೊಲಾ ಹಂಗಿಲ್ರಿ."

ಪರಮಾನಂದ ಮೊಬೈಲನ್ನು ಮೆಲ್ಲಗೆ ತಿರುಗಿಸಿ ಬನ್ನಿಗಿಡ ತೋರಿಸಿದ. ಅದರ ಬುಡದಲ್ಲಿ ಶಂಕರೆಪ್ಪನ ಅವ್ವ ಸುಣ್ಣ ಬಳಿದು ಪೂಜೆ ಮಾಡುತ್ತಿದ್ದ ಕಲ್ಲುಗಳನ್ನು ತೋರಿಸಿದ.

ನಗು ನಿಂತಿತು. ಆ ಕಡೆ ಸಿಮೆಂಟ್ ಕಲಸುವ ಯಂತ್ರದ ಸದ್ದು. ಆಮೇಲೆ ಪರಮಾನಂದ ಒಂದು ಹಿಡಿ ತೆಗೆದು ಜಾಲಿಕಂಟಿಯೊಳಗೇ ಚೆಲ್ಲಿ ಕೂಗಿದ — "ಹುಲ್ಲುಲ್ಲಿಗೋ…" ಮೊಬೈಲಿನೊಳಗಿಂದ, ಪುಣೆಯ ಅಟ್ಟಣಿಗೆಯ ಮೇಲಿಂದ, ಅಳುವ ದನಿಯಲ್ಲಿ ಓಗೊಟ್ಟ ಶಂಕರೆಪ್ಪ — "ಚಲ್ಲಂಬರಿಗೋ…"

ಮುಂಗಾರಿಗೆ ಶಂಕರೆಪ್ಪ ಊರಿಗೆ ಬಂದ. ಜಾಲಿ ಕಿತ್ತ, ಜೋಳ ಬಿತ್ತಿದ, ಇಲ್ಲೇ ಉಳಿದ. ಅಗೋ, ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ತಲೆ ಎತ್ತೋ ಶಂಕರೆಪ್ಪ, ಅಳೂದು ತಪ್ಪಲ್ಲ.

ಪರಮಾನಂದನಿಗೆ ಸ್ವಂತದ್ದೆಂದು ಒಂದು ಗುಂಟೆ ನೆಲ ಇರಲಿಲ್ಲ. 'ಮತ್ತ ನಿನಗ್ಯಾಕೋ ಇದು?' ಎಂದು ಕೇಳಿದ್ದೆ. "ಹೊಲಾ ಅವರದು ಅಯ್ಯಾರ, ಅದರಾಗಿನ ಬೆವರು ನಮ್ಮಪ್ಪಂದು. ಬೀಳ ಬಿದ್ರ ನನಗ ಸಂಕಟ ಆಗ್ತೈತಿ" ಅಂದ.

ನಿನ್ನೆ ಸಾವಿತ್ರವ್ವನವರು ಅವನ ಮೊಬೈಲ್ ಹಿಡಿದುಕೊಂಡು ಬಂದು ಕೇಳಿದರು — "ಸುದ್ದಿ ಗೊತ್ತಿಲ್ಲದವ್ರು ಫೋನ್ ಮಾಡಾಕತ್ತಾರ್ರಿ. ಎಳ್ಳಮಾಸಿಗಿ ನಮ್ಮ ಹೊಲಾ ಮರೀಬ್ಯಾಡ್ರಿ ಅಂತಾರ. ಏನ ಹೇಳ್ಲಿ?" ನಾನು ಗಂಡಸು, ಗಾಡಿ ಹೊಡೆಯುವವನು, ಅಲ್ಲೇ ಅತ್ತೆ. ಇವತ್ತು ಎಲ್ಲರ ಮುಂದೆ ಉತ್ತರ ಹೇಳುತ್ತೇನೆ ತಂಗಿ. ಹೇಳ್ರಿ ಅವರಿಗೆ — ಚೆಲ್ಲಾಂವ ಹೋದ, ಈ ಸಲ ನೀವ ಬರ್ರಿ. ಪುಣೆಯಿಂದ ಕರಕೊಂಡು ಬರೂದು ನನ್ನ ಜವಾಬ್ದಾರಿ. ಬರಲಾಗದವರ ಹೊಲಕ್ಕೆ ನಾವು ಹೋಗುತ್ತೇವೆ.

ಶಂಕರೆಪ್ಪ ಬೆಳಿಗ್ಗೆ ಹೇಳಿದ — "ಈ ಸಲ ನಮ್ಮ ಹೊಲದಾಗ ಮೊದಲನೇ ಹಿಡಿ ಪರಮಾನಂದಣ್ಣನ ಹೆಸರಲೆ ಚೆಲ್ತೇನಿ ಅಯ್ಯಾರ. ನೀವು ಬೆನ್ನಹಿಂದ ನೀರ ತರ್ರಿ." ಬರ್ತೇನಿ ಅಂದೇನಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಅವನಿಗಾಗಿ ಸುಮ್ಮನಿರೋಣ. ಪಲ್ಲವಿ — ನಿಮ್ಮಪ್ಪನ ಸೀಟಿ ತಂದೀಯಲ್ಲವ್ವಾ? ಸಾಕು ಅನ್ನಿಸಿದಾಗ ನೀನೇ ಊದು. ಅದು ಕೇಳಿಸುವ ತನಕ ನಾನು ಹೊರಡೂದಿಲ್ಲ.